ಜಾಗ ಯಾರದ್ದು? ಶಿರಸಿಯ ಬೆಟ್ಟದಲ್ಲಿ ಜಾನ್ ಲಾಕ್

ಇವತ್ತಿನ ಸಂಚಿಕೆ ಒಬ್ಬ ಇಂಗ್ಲಿಷ್ ತತ್ವಜ್ಞಾನಿಯ ಬಗ್ಗೆ. ತತ್ವಜ್ಞಾನ ಅಂದ ಕೂಡಲೇ ಬೆರಳು ಸ್ಕಿಪ್ ಬಟನ್ ಕಡೆ ಹೋಗತ್ತೆ, ಗೊತ್ತು. ಆದ್ರೆ ಸ್ವಲ್ಪ ತಡೀರಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನಲ್ಲಿ ಯಾವ ಊರಿಗೆ ಹೋದ್ರೂ ಒಂದು ಮಾತು ಕಿವಿಗೆ ಬಿದ್ದೇ ಬೀಳತ್ತೆ: ಅತಿಕ್ರಮಣ. "ಅವರದ್ದು ಎರಡು ಎಕರೆ ಮಾಲ್ಕಿ, ಒಂದು ಎಕರೆ ಅತಿಕ್ರಮಣ." ಮದುವೆ ಮಾತುಕತೆಯಲ್ಲೂ ಬರತ್ತೆ, ಚುನಾವಣೆ ಭಾಷಣದಲ್ಲೂ ಬರತ್ತೆ. ಅಜ್ಜನ ಕಾಲದಿಂದ ಗೇಯ್ದ ನೆಲ ಹೇಗೆ ಅತಿಕ್ರಮಣ ಆಗತ್ತೆ? ಗೇಯದ ಸರ್ಕಾರ ಹೇಗೆ ಮಾಲೀಕ ಆಗತ್ತೆ? ಈ ಪ್ರಶ್ನೆಯ ಒಳಗೆ ಇಳಿದ್ರೆ ಜಾನ್ ಲಾಕ್ ಸಿಕ್ಕೇ ಸಿಗ್ತಾನೆ. ಅದೂ ಜಗಳದ ಎರಡೂ ಕಡೆ.

ಬೆವರು ಮತ್ತು ಪಾಳು

ಲಾಕ್ ಹುಟ್ಟಿದ್ದು 1632ರಲ್ಲಿ, ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ. ವೈದ್ಯಕೀಯ ಕಲಿತವನು. ರಾಜಕೀಯದ ಗಲಾಟೆಯಲ್ಲಿ 1683ರಲ್ಲಿ ಹಾಲೆಂಡಿಗೆ ಓಡಿಹೋಗಿ, ರಾಜ ಬದಲಾದ ಮೇಲೆ 1689ರಲ್ಲಿ ವಾಪಸ್ ಬಂದ. ಅದೇ ವರ್ಷ ಸರ್ಕಾರದ ಬಗ್ಗೆ ಎರಡು ಪ್ರಬಂಧಗಳ ಪುಸ್ತಕ ಅಚ್ಚಾಯ್ತು. ಅದರಲ್ಲಿ ತನ್ನ ಹೆಸರೇ ಹಾಕಿರಲಿಲ್ಲ. ಅಷ್ಟು ಭಯ ಇತ್ತು. ರಾಜನಿಗೆ ಅಧಿಕಾರ ದೇವರಿಂದ ಬಂದದ್ದಲ್ಲ, ಜನರ ಒಪ್ಪಿಗೆಯಿಂದ ಬಂದದ್ದು ಅಂತ ಬರೆದ ಪುಸ್ತಕ ಅದು.

ಆ ಪುಸ್ತಕದ ಎರಡನೇ ಪ್ರಬಂಧದಲ್ಲಿ ಆಸ್ತಿ ಬಗ್ಗೆ ಒಂದು ಅಧ್ಯಾಯ ಇದೆ. ವಾದ ತುಂಬಾ ಸರಳ. ಭೂಮಿ ಮೊದಲಿಗೆ ಎಲ್ಲರದ್ದು. ಆದ್ರೆ ನನ್ನ ಮೈ ನನ್ನದು, ನನ್ನ ಮೈಯ ದುಡಿಮೆ ನನ್ನದು. ಆ ದುಡಿಮೆಯನ್ನು ನೆಲಕ್ಕೆ ಬೆರೆಸಿದಾಗ ಆ ನೆಲ ನನ್ನದಾಗತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬೆವರು ಸುರಿಸಿದವನದ್ದೇ ನೆಲ. ಇದಕ್ಕೆ ಅವನೇ ಒಂದು ಷರತ್ತನ್ನೂ ಹಾಕ್ತಾನೆ: ಉಳಿದವರಿಗೂ ಬೇಕಾದಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಕೊಳೆಸೋದಕ್ಕೆ ಅಂತ ಯಾರೂ ಗುಡ್ಡೆ ಹಾಕೋ ಹಾಗಿಲ್ಲ. ಈ ಷರತ್ತನ್ನು ನೆನಪಲ್ಲಿಡಿ, ಕೊನೆಗೆ ಬೇಕಾಗತ್ತೆ.

ಇಲ್ಲಿವರೆಗೆ ಚೆನ್ನಾಗಿದೆ. ಆದ್ರೆ ಇದೇ ವಾದಕ್ಕೆ ಒಂದು ಬಾಲ ಇದೆ. ಉಳುಮೆ ಮಾಡದ ನೆಲ ಪಾಳು ಅಂತ ಲಾಕ್ ಹೇಳಿದ. ನೆಲದಿಂದ ಬರೋ ಬೆಲೆಯಲ್ಲಿ 100ಕ್ಕೆ 99 ಭಾಗ ದುಡಿಮೆಯದ್ದು, ಬರೀ ನೆಲಕ್ಕೆ ಬೆಲೆ ಇಲ್ಲ ಅನ್ನೋವರೆಗೂ ಹೋದ. ಅವನ ಕಣ್ಣೆದುರು ಇದ್ದ ಉದಾಹರಣೆ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಬೇಟೆಯಾಡ್ತಿದ್ದ ಕಾಡು ಅವನ ಲೆಕ್ಕದಲ್ಲಿ ಖಾಲಿ ಜಾಗ. ಅವನು ಅಮೆರಿಕದ ಕ್ಯಾರೊಲಿನಾ ವಸಾಹತಿನ ಒಡೆಯರಿಗೆ ಕಾರ್ಯದರ್ಶಿ ಆಗಿದ್ದವನು ಅನ್ನೋದನ್ನು ಮರೀಬಾರದು.

ಅಂದ್ರೆ ಒಂದೇ ವಾದದಿಂದ ಎರಡು ಮಾತು ಹುಟ್ಟತ್ತೆ. "ನಾನು ಗೇಯ್ದಿದ್ದೇನೆ, ಹಾಗಾಗಿ ನನ್ನದು" ಅನ್ನೋದು ಒಂದು. "ನೀನು ಗೇಯ್ದದ್ದು ನನಗೆ ಕಾಣ್ತಿಲ್ಲ, ಹಾಗಾಗಿ ನಿನ್ನದಲ್ಲ" ಅನ್ನೋದು ಇನ್ನೊಂದು.

ದೇವರ ಕಾಡು, ಸರ್ಕಾರದ ಕಾಡು

ಈಗ ನಮ್ಮ ಊರಿಗೆ ಬರೋಣ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿನ ಸಾಗುವಳಿ ಜಮೀನು ಹಿಂದಿನಿಂದಲೂ ಖಾಸಗಿ ಸ್ವತ್ತು ಅಂತ ಅವನು ಬರೆದ. ಸರಿ, ಗದ್ದೆ ತೋಟಕ್ಕೆ ಒಡೆಯರಿದ್ದಾರೆ. ಮತ್ತೆ ಕಾಡಿಗೆ?

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದ. ಎಡಿನ್‌ಬರೋದಲ್ಲಿ ಓದಿದ ವೈದ್ಯ. ಅದು ಜ್ಞಾನೋದಯದ ಚಿಂತನೆ ತುಂಬಿದ್ದ ಊರು. ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ ಹಾದು ಹೋಗ್ತಾ ಕಂಡದ್ದೆಲ್ಲ ಬರೆದುಕೊಂಡ. ನಮ್ಮ ಜಿಲ್ಲೆಯಲ್ಲಿ ಅವನು ದಾಖಲಿಸಿದ ಒಂದು ವಿಷಯ ಈಗಲೂ ಇತಿಹಾಸಕಾರರು ಎತ್ತಿ ಹೇಳ್ತಾರೆ. ಕಾಡು ಊರಿನ ದೇವರ ಸ್ವತ್ತು. ಮರ ಕಡಿಯೋಕೆ ಊರಗೌಡನ ಅಪ್ಪಣೆ ಬೇಕು, ಅವನೇ ದೇವಸ್ಥಾನದ ಪೂಜಾರಿ. ಅಪ್ಪಣೆಗೆ ಕಾಣಿಕೆ ಏನಿಲ್ಲ, ಆದ್ರೆ ಕೇಳದೇ ಕಡಿದ್ರೆ ದೇವರು ಸುಮ್ಮನಿರೋದಿಲ್ಲ. ಇದನ್ನು ಬರೆದು ಬುಕಾನನ್ ಒಂದು ಷರಾ ಸೇರಿಸ್ತಾನೆ: ಸರ್ಕಾರ ಕಾಡಿನ ಮೇಲೆ ಹಕ್ಕು ಹೇಳದ ಹಾಗೆ ಮಾಡಿಕೊಂಡ ಉಪಾಯ ಇದು ಅಂತ.

ನನಗೆ ಇದು ಬಹಳ ಮುಖ್ಯ ಅನ್ಸತ್ತೆ. ಒಬ್ಬೊಬ್ಬನ ಆಸ್ತಿಯೂ ಅಲ್ಲದ, ಸರ್ಕಾರದ ಆಸ್ತಿಯೂ ಅಲ್ಲದ, ಇಡೀ ಊರು ನಿಯಮ ಹಾಕಿಕೊಂಡು ಬಳಸೋ ಒಂದು ವ್ಯವಸ್ಥೆ ಅವನ ಎದುರಿಗೇ ಇತ್ತು. ಅವನಿಗೆ ಕಂಡದ್ದು ಬರೀ ಉಪಾಯ. ಅವನು ಲಾಕ್ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಘಟ್ಟ ಹತ್ತಿದ ಅಂತ ನಾನು ಹೇಳ್ತಿಲ್ಲ. ಆದ್ರೆ ಆಸ್ತಿ ಅಂದ್ರೆ ಒಬ್ಬ ಒಡೆಯ ಇರಲೇಬೇಕು, ಉಳುಮೆ ಇಲ್ಲದ್ದು ಪಾಳು ಅನ್ನೋ ಯೋಚನೆ ಅಷ್ಟರಲ್ಲಿ ಓದಿದ ಇಂಗ್ಲಿಷರ ಸಾಮಾನ್ಯ ತಿಳಿವಳಿಕೆ ಆಗಿಹೋಗಿತ್ತು.

ಪೆಟ್ಟು ಮೊದಲು ಬಿದ್ದದ್ದು ಕುಮರಿ ಮೇಲೆ. ಕುಮರಿ ಅಂದ್ರೆ ಕಾಡಿನ ಒಂದು ತುಂಡು ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತೋದು. ಒಂದೆರಡು ಬೆಳೆ ತೆಗೆದು ಹಲವು ವರ್ಷ ಹಾಗೇ ಬಿಡೋದು. ಕಾಡು ಮತ್ತೆ ಬೆಳೆದ ಮೇಲೆ ತಿರುಗಿ ಬರೋದು. ಬಿಟ್ಟ ವರ್ಷಗಳಲ್ಲಿ ಹೊರಗಿನವರಿಗೆ ಅದು ಪಾಳು ಬಿದ್ದ ಹಾಗೆ ಕಾಣತ್ತೆ. ಕಂಪನಿಗೆ ಸಾಗವಾನಿ ಬೇಕಿತ್ತು, ಮೊದಲು ಹಡಗಿಗೆ, ಆಮೇಲೆ ರೈಲಿಗೆ. ಮದ್ರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗಾರ್ನ್ ಕುಮರಿಯನ್ನು ಬಲವಾಗಿ ವಿರೋಧಿಸಿದ. 1860ರಲ್ಲಿ ಸರ್ಕಾರಿ ಕಾಡಿನಲ್ಲಿ ಅನುಮತಿ ಇಲ್ಲದ ಕುಮರಿಗೆ ನಿಷೇಧ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಮೀಸಲು ಅರಣ್ಯದ ಗಡಿಕಲ್ಲುಗಳು ಎದ್ದವು. ಕುಮರಿ ಮಾಡಿಕೊಂಡಿದ್ದ ಕುಣಬಿ, ಕುಮರಿ ಮರಾಠಿ ಕುಟುಂಬಗಳ ದುಡಿಮೆ ದಾಖಲೆಯಲ್ಲಿ ದುಡಿಮೆ ಅನ್ನಿಸಿಕೊಳ್ಳಲೇ ಇಲ್ಲ.

ಅಡಕೆ ತೋಟದವರ ಕಥೆ ಸ್ವಲ್ಪ ಬೇರೆ. ತೋಟ ಬೆಟ್ಟ ಇಲ್ಲದೆ ಬದುಕಲ್ಲ. ಹಸಿ ಸೊಪ್ಪು, ದರಕು ಎರಡೂ ಬೆಟ್ಟದಿಂದಲೇ ಬರಬೇಕು. ಇದನ್ನು ಒಪ್ಪಿದ ಸರ್ಕಾರ ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆ ಲೆಕ್ಕದಲ್ಲಿ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿತು. ಗಮನಿಸಿ, ಕೊಟ್ಟದ್ದು ಬಳಸೋ ಸವಲತ್ತು, ಮಾಲ್ಕಿ ಅಲ್ಲ. ನಾನು ಬಿಕಾಂ ಓದಿದವನು. ಸೊಪ್ಪಿನ ಬೆಟ್ಟವನ್ನು ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿ ಬರೀತೀರಿ ಅಂತ ಕೇಳಿದ್ರೆ ಉತ್ತರ ಸಿಗಲ್ಲ. ಅದಿಲ್ಲದೆ ತೋಟಕ್ಕೆ ಬೆಲೆಯೇ ಇಲ್ಲ, ಆದ್ರೆ ಅದು ತೋಟದವರ ಆಸ್ತಿಯೂ ಅಲ್ಲ. ತೋಟ ಇದ್ದವರಿಗೆ ಸವಲತ್ತು ಸಿಕ್ಕಿತು, ತೋಟ ಇಲ್ಲದವರಿಗೆ ಅದೂ ಇಲ್ಲ.

ಕರ ಕೊಡೋದಿಲ್ಲ

ಈಗ ಲಾಕ್‌ನ ಇನ್ನೊಂದು ಮುಖ. ಜನರ ಒಪ್ಪಿಗೆ ಇಲ್ಲದೆ ತೆರಿಗೆ ಹಾಕೋ ಹಾಗಿಲ್ಲ ಅಂತ ಅವನು ಬರೆದಿದ್ದ. ನಂಬಿಕೆ ಮುರಿದ ಸರ್ಕಾರವನ್ನು ಬದಲಾಯಿಸೋ ಹಕ್ಕು ಜನರಿಗಿದೆ, ಅಂಥ ಹೊತ್ತಲ್ಲಿ ನಿಜವಾದ ದಂಗೆಕೋರ ಆಳೋನೇ ಅಂದಿದ್ದ. ಈ ಯೋಚನೆ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಹೋಯ್ತು. ಅಲ್ಲಿಂದ 1930ರ ಜನವರಿ 26ರಂದು ದೇಶದ ತುಂಬ ಓದಿದ ಪೂರ್ಣ ಸ್ವರಾಜ್ ಪ್ರತಿಜ್ಞೆಗೆ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ನೆಂಟಸ್ತನ ತಾನಾಗೇ ಕಾಣತ್ತೆ.

ಆಮೇಲೆ ಸಿದ್ದಾಪುರ, ಅಂಕೋಲಾ ತಾಲೂಕಿನ ರೈತರು ಆ ಮಾತನ್ನು ಮಾಡಿ ತೋರಿಸಿದ್ರು. 1932ರ ಕರನಿರಾಕರಣೆಯಲ್ಲಿ ಕಂದಾಯ ಕಟ್ಟಲಿಲ್ಲ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಜೋಗದ ಹತ್ತಿರದ ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹಕ್ಕೆ ಕೂತರು. ಅವರ ಸಿಟ್ಟು ದೂರದ ವೈಸರಾಯ್ ಮೇಲೆ ಮಾತ್ರ ಇರಲಿಲ್ಲ, ಹರಾಜಿನಲ್ಲಿ ಜಮೀನು ಹಿಡಿದ ಸ್ಥಳೀಯರ ಎದುರೇ ಉಪವಾಸ ಮಾಡಿದ್ರು. ಗೇಯ್ದವರ ನೆಲವನ್ನು ಬರೀ ಕಾಗದದ ಬಲದಿಂದ ಬೇರೆಯವರು ತಗೊಳ್ಳೋದು ಅನ್ಯಾಯ ಅನ್ನೋದು ಆ ಉಪವಾಸದ ಅರ್ಥ. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಿಯಾದ ಜಮೀನು ವಾಪಸ್ ಕೊಡೋ ಕೆಲಸ ಶುರುವಾಯ್ತು.

ಲಾಕ್‌ನ ಹೆಸರೂ ಕೇಳಿರದ ಆ ಹೆಂಗಸರು ಅವನ ವಾದದ ಒಳ್ಳೆಯ ಅರ್ಧವನ್ನು ಬದುಕಿ ತೋರಿಸಿದ್ರು.

ಆಳು ಕಡಿದದ್ದು ಯಾರದ್ದು?

ಲಾಕ್‌ನ ಆಸ್ತಿ ಅಧ್ಯಾಯದಲ್ಲಿ ಒಂದು ವಿಚಿತ್ರ ಜಾಗ ಇದೆ. ಎಲ್ಲರಿಗೂ ಸೇರಿದ ನೆಲದಲ್ಲಿ ನನ್ನ ಆಳು ಹುಲ್ಲಿನ ಹೆಂಟೆ ಕಡಿದ್ರೆ ಅದು ನನ್ನದು ಅಂತಾನೆ. ಕಡಿದವನು ಆಳು, ಬೆವರು ಅವನದ್ದು, ಹಕ್ಕು ಮಾತ್ರ ಯಜಮಾನನದ್ದು! ಬೆಟ್ಟದಿಂದ ಸೊಪ್ಪು ಹೊತ್ತು ತಂದವರು ಯಾರು, ತೋಟ ಯಾರದ್ದು ಅಂತ ಯೋಚಿಸಿದ್ರೆ ಇದು ನಮಗೇನೂ ಹೊಸದಲ್ಲ.

ಈ ಪ್ರಶ್ನೆಯನ್ನು 1951ರಲ್ಲಿ ಸಿದ್ದಾಪುರದ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ್ರು. ಉಳುವವನೇ ಹೊಲದೊಡೆಯ ಅನ್ನೋ ಮಾತು, ದೇವರಾಜ ಅರಸು ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಕಾನೂನಾಯ್ತು. ಇಂಗ್ಲಿಷ್ ಯಜಮಾನನ ವಾದವನ್ನು ಗೇಣಿದಾರ ತಿರುಗಿಸಿ ಹಿಡಿದ ಹಾಗೆ ಇದು. ಸಾವಿರಾರು ಮನೆಗಳ ಹಣೆಬರಹ ಬದಲಾಯ್ತು. ಆದ್ರೆ ಆ ಕಾನೂನು ಖಾಸಗಿ ಒಡೆಯರ ಗೇಣಿ ಜಮೀನಿಗೆ. ಅರಣ್ಯದ ಅಂಚಿನಲ್ಲಿ ಗೇಯ್ದವರ ಎದುರಿಗೆ ಇದ್ದ ಒಡೆಯ ಸರ್ಕಾರ. ಅವರು ಅಲ್ಲೇ ಉಳಿದ್ರು.

ಯಲ್ಲಾಪುರದ ಸಿದ್ದಿಗಳನ್ನು ನೋಡಿ. ಅವರಲ್ಲಿ ಹಲವರ ಪೂರ್ವಿಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ರು. ತಪ್ಪಿಸಿಕೊಂಡವರು ಈ ಕಾಡು ಸೇರಿದ್ರು. ಲಾಕ್ ತನ್ನ ಪುಸ್ತಕದ ಮೊದಲ ಸಾಲಲ್ಲೇ ಗುಲಾಮಗಿರಿಯನ್ನು ಹೀಗಳೀತಾನೆ. ಅದೇ ಲಾಕ್ ಅಟ್ಲಾಂಟಿಕ್ ಗುಲಾಮ ವ್ಯಾಪಾರ ಮಾಡ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ದುಡ್ಡು ಹಾಕಿದ್ದ. ನನ್ನ ಮೈ ನನ್ನದು ಅನ್ನೋ ವಾದವನ್ನು ನಿಜವಾಗಿ ನಂಬಿ ಕಾಡಿಗೆ ಓಡಿ ಬಂದವರು ಸಿದ್ದಿಗಳೇ ಅನ್ನಬೇಕು. ಅಲ್ಲಿ ಗದ್ದೆ ಮಾಡಿದ ಅವರಿಗೂ ದಾಖಲೆ ಕೊಟ್ಟ ಹೆಸರು ಅತಿಕ್ರಮಣದಾರ.

75 ವರ್ಷದ ಲೆಕ್ಕ

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಐತಿಹಾಸಿಕ ಅನ್ಯಾಯ ಅಂತ ಒಪ್ಪಿಕೊಂಡಿತು. ಒಂದು ಕುಟುಂಬಕ್ಕೆ ಹೆಚ್ಚೆಂದ್ರೆ 4 ಹೆಕ್ಟೇರ್. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಅಲ್ಲಿದ್ರೆ ಸಾಕು. ಸಿದ್ದಿಗಳಿಗೆ ನಮ್ಮ ಜಿಲ್ಲೆಯಲ್ಲಿ ಆ ಪಟ್ಟಿಯಲ್ಲಿ ಜಾಗ ಸಿಕ್ಕದ್ದು 2003ರಲ್ಲಿ. ಪಟ್ಟಿಯಲ್ಲಿ ಇಲ್ಲದ ಕುಣಬಿ, ಗೌಳಿ ಮತ್ತು ಇತರರು ಮೂರು ತಲೆಮಾರು, ಅಂದ್ರೆ 75 ವರ್ಷದ ವಾಸ ತೋರಿಸಬೇಕು. ಲೆಕ್ಕ ಹಾಕಿ: 1930ಕ್ಕೆ ಹೋಗತ್ತೆ. ಪೂರ್ಣ ಸ್ವರಾಜ್ ಪ್ರತಿಜ್ಞೆ ಓದಿದ ಅದೇ ವರ್ಷ. ಆ ವರ್ಷ ಕಾಡಿನ ಗುಡಿಸಲಿನಲ್ಲಿ ಇದ್ದವರ ಕಾಗದ ಯಾರ ಪೆಟ್ಟಿಗೆಯಲ್ಲಿ ಇರತ್ತೆ ಹೇಳಿ?

ಆದ್ರೆ ಇದೇ ಕಾಯ್ದೆಯ ನಿಯಮಗಳಲ್ಲಿ ಒಂದು ಒಳ್ಳೆಯ ಸಂಗತಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಸರ್ಕಾರಿ ಕಾಗದ ಒಂದೇ ಸಾಕ್ಷಿ ಅಲ್ಲ. ಸಮತಟ್ಟು ಮಾಡಿದ ನೆಲ, ಕಟ್ಟಿದ ಒಡ್ಡು, ಮನೆ, ಇವೂ ಸಾಕ್ಷಿ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆ ಬರೆದುಕೊಂಡ್ರೆ ಅದೂ ಸಾಕ್ಷಿ. ಬೆವರು ನೆಲದ ಮೇಲೆ ಬಿಟ್ಟ ಗುರುತನ್ನು ಕಾನೂನು ಕೊನೆಗೂ ಓದೋಕೆ ಒಪ್ಪಿತು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವು ಮಾಡಿ ಅಂದಾಗ ಈ ಮೂರು ತಾಲೂಕಿನಲ್ಲೂ ಎದೆ ಝಲ್ ಅಂದ ಮನೆಗಳಿವೆ. ಅದೇ ತಿಂಗಳ 28ಕ್ಕೆ ಆದೇಶಕ್ಕೆ ತಡೆ ಬಂತು.

ಈಗ ಲಾಕ್‌ನ ಆ ಷರತ್ತು: ಉಳಿದವರಿಗೂ ಬೇಕಾದಷ್ಟು ಉಳಿದಿರಬೇಕು. ಬ್ರಿಟಿಷರು ಅದನ್ನು ಮರೆತು ಸಾಗವಾನಿ ಸಾಗಿಸಿದ್ರು. ಸ್ವಾತಂತ್ರ್ಯದ ನಂತರವೂ ಕಡಿಯೋದು ನಿಲ್ಲಲಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರ ಅಪ್ಪಿಕೊಂಡಾಗ, ಅಪ್ಪಿಕೋ ಚಳವಳಿ ಶುರುವಾದಾಗ, ಅವರು ಕೇಳಿದ್ದು ಇದನ್ನೇ. ಈ ಷರತ್ತು ಸರ್ಕಾರಕ್ಕೆ ಮಾತ್ರ ಅಲ್ಲ, ನಮಗೂ ಅನ್ವಯ ಆಗತ್ತೆ. ಹೊಟ್ಟೆಪಾಡಿನ ಒಂದು ಎಕರೆ ಬೇರೆ, ದುಡ್ಡಿದ್ದವರು ವರ್ಷ ವರ್ಷ ಬೇಲಿ ಮುಂದೆ ಸರಿಸೋದು ಬೇರೆ. ಗೇಯ್ಮೆ ಹೆಸರಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ರೆ ಮೊದಲು ಸೋಲೋದು ಬಡವರ ಅರ್ಜಿ.

ಲಾಕ್ 1704ರಲ್ಲಿ ತೀರಿಕೊಂಡ. ದುಡಿಮೆಗೆ ಹಕ್ಕಿದೆ ಅಂತ ಅವನು ಕಲಿಸಿದ. ಯಾವುದು ದುಡಿಮೆ ಅನ್ನೋದನ್ನು ಮಾತ್ರ ನೇಗಿಲಿಗೆ ಕಟ್ಟಿಹಾಕಿಬಿಟ್ಟ. ದರಕು ಗುಡಿಸೋದು, ದನ ಮೇಯಿಸೋದು, ಕಾಡನ್ನು ಹಾಗೇ ಬಿಟ್ಟು ಕಾಯೋದು, ಇವೂ ದುಡಿಮೆ ಅಂತ ಹೇಳಬೇಕಾದವರು ಇಲ್ಲಿನವರೇ. ನಿಮ್ಮ ಮನೆಯಲ್ಲಿ ಅರ್ಜಿ ಬಾಕಿ ಇದ್ರೆ, ಊರಿನ ಅಜ್ಜ ಅಜ್ಜಿಯರ ಹೇಳಿಕೆಯನ್ನು ಈ ಮಳೆಗಾಲ ಮುಗಿಯೋದರೊಳಗೆ ಬರೆಸಿಡಿ. ಅವರು ಇರೋವಾಗಲೇ ಬರೆಸಿಡಿ.