ಸಿಂಗರೇಣಿಯ ಕಲ್ಲಿದ್ದಲು: ಐತಿಹ್ಯ ಮತ್ತು ಅರ್ಥವ್ಯವಸ್ಥೆ

ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ ಸುಮಾರು 350 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಸಿಂಗರೇಣಿ ಕಲ್ಲಿದ್ದಲು ಪ್ರದೇಶದ ಹುಟ್ಟಿನ ಬಗೆಗೆ ಎರಡು ಕಥನಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಿಲಿಯಂ ಕಿಂಗ್ 1871ರಲ್ಲಿ ಯೆಲ್ಲಂದು ಬಳಿ ಕಲ್ಲಿದ್ದಲನ್ನು ಗುರುತಿಸಿದರೆಂಬುದು ದಾಖಲೆಯ ಮಾತು. ಅಲ್ಲಿನ ಮುಖ್ಯ ಸ್ತರಕ್ಕೆ ಇಂದಿಗೂ ಅವರದೇ ಹೆಸರು. ಭದ್ರಾಚಲದ ರಾಮನ ದರ್ಶನಕ್ಕೆ ಹೊರಟ ಯಾತ್ರಿಕರು ದಾರಿಯಲ್ಲಿ ತಂಗಿ, ಕೈಗೆ ಸಿಕ್ಕ ಕರಿಗಲ್ಲುಗಳನ್ನು ಒಲೆಗುಂಡಾಗಿ ಹೂಡಿ ಅಡುಗೆಗಿಟ್ಟಾಗ ಸೌದೆಯೊಡನೆ ಗುಂಡುಗಳೂ ಹೊತ್ತಿ ಉರಿದವೆಂಬುದು ಜನರ ಮಾತು.

ಈ ಐತಿಹ್ಯವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕಲ್ಲಿದ್ದಲು ನೆಲದ ಮೇಲೆಯೇ ತೆರೆದುಕೊಂಡಿರುವ ಕಡೆ ಇಂತಹ ಅನುಭವ ಅಸಂಭವವೇನಲ್ಲ. ಅದಕ್ಕಿಂತ ಮುಖ್ಯವಾದುದು ಕಥೆಯ ಒಳಗಿನ ಹಕ್ಕಿನ ದನಿ. ಇಲ್ಲಿ ಶೋಧಕರಿಗೆ ಹೆಸರಿಲ್ಲ. ಶೋಧ ನಡೆದದ್ದು ಅಡುಗೆಯ ಒಲೆಯಲ್ಲಿ. ಭೂಮಿಯ ಒಡಲಿನ ಸಂಪತ್ತು ಮೊದಲು ಯಾರ ಕಣ್ಣಿಗೆ ಬಿತ್ತು ಎಂಬ ಪ್ರಶ್ನೆಗೆ ಜನಪದರು ತಮ್ಮದೇ ಉತ್ತರವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಆ ಸಂಪತ್ತು ಕೈಬದಲಾದ ಬಗೆಯಾದರೋ ಬೇರೆಯೇ ಕಥೆ. 1886ರಲ್ಲಿ ನಿಜಾಮ್ ಸಂಸ್ಥಾನದ ಗಣಿ ಹಕ್ಕುಗಳು 99 ವರ್ಷಗಳ ಅವಧಿಗೆ ಲಂಡನ್ನಿನ ಬಂಡವಳಿಗರ ಪಾಲಾದವು. ಹೈದರಾಬಾದ್ (ಡೆಕ್ಕನ್) ಕಂಪನಿ ಸ್ಥಾಪನೆಯಾಯಿತು. ಷೇರು ವ್ಯವಹಾರದ ಅಕ್ರಮ ಎಷ್ಟು ದೊಡ್ಡದಾಯಿತೆಂದರೆ, 1888ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯೇ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಮರುವರ್ಷ ಯೆಲ್ಲಂದುವಿನಲ್ಲಿ ಉತ್ಪಾದನೆ ಮೊದಲಾಯಿತು. 1874ರಲ್ಲಿಯೇ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ಬಂದಿತ್ತು. ಅದು ಪೂರ್ವಕ್ಕೆ ಬೆಳೆದು ಗಣಿಯನ್ನು ಮುಟ್ಟಿದಾಗ ಇದ್ದಲು ರೈಲಿಗೂ ರೈಲು ಇದ್ದಲಿಗೂ ಆಸರೆಯಾದವು. ಬಂಗಾಳದ ಗಣಿಗಳು ಬಹುದೂರವಿದ್ದ ದಕ್ಷಿಣಕ್ಕೆ ಇದೊಂದೇ ಸಮೀಪದ ಕಲ್ಲಿದ್ದಲಿನ ನೆಲೆಯಾಗಿತ್ತು.

1920ರಲ್ಲಿ ಸಿಂಗರೇಣಿ ಕಾಲರೀಸ್ ಕಂಪನಿ ಸಂಸ್ಥಾನದ ಕಾಯಿದೆಯಡಿಯೇ ನೋಂದಣಿಗೊಂಡಿತು. 1945ರಲ್ಲಿ ನಿಜಾಮ್ ಸರ್ಕಾರ ಅದರ ಒಡೆತನವನ್ನು ವಹಿಸಿಕೊಂಡಿತು. ರಾಯಚೂರು, ಕಲಬುರಗಿ, ಬೀದರ್‌ಗಳೂ ಆಗ ಅದೇ ಸಂಸ್ಥಾನದಲ್ಲಿದ್ದವೆಂಬುದನ್ನು ಮರೆಯುವಂತಿಲ್ಲ. ಇಂದು ಕಂಪನಿಯಲ್ಲಿ ತೆಲಂಗಾಣ ಸರ್ಕಾರದ ಪಾಲು ಶೇ. 51, ಕೇಂದ್ರದ್ದು ಶೇ. 49. 2023-24ರಲ್ಲಿ ತೆಗೆದ ಕಲ್ಲಿದ್ದಲು ಸುಮಾರು 70 ದಶಲಕ್ಷ ಟನ್, ಅಂದರೆ ದೇಶದ ಉತ್ಪಾದನೆಯ ಸುಮಾರು ಶೇ. 7ರಷ್ಟು. ಅದರ ಬಹುಪಾಲು ಸೇರುವುದು ವಿದ್ಯುತ್ ಸ್ಥಾವರಗಳನ್ನು.

ಈ ಅಂಕಿಗಳಷ್ಟೇ ಸಾಲವು. 1990ರ ದಶಕದ ಆರಂಭದಲ್ಲಿ ಲಕ್ಷವನ್ನು ಮೀರಿದ್ದ ಕಾರ್ಮಿಕರು ಈಗ ಸುಮಾರು ನಲವತ್ತು ಸಾವಿರ. ತೆರೆದ ಗಣಿಗಳೂ ಯಂತ್ರಗಳೂ ಹೆಚ್ಚಿದಂತೆ ಇದ್ದಲು ಏರಿತು, ಆಳು ಇಳಿಯಿತು. ತೆಲುಗರು ಕಲ್ಲಿದ್ದಲನ್ನು 'ನಲ್ಲ ಬಂಗಾರಂ' ಎಂದೂ ಗಣಿಗಾರರನ್ನು 'ನಲ್ಲ ಸೂರ್ಯುಲು' ಎಂದೂ ಕರೆಯುತ್ತಾರೆ. ಇದ್ದಲು ಕಪ್ಪು ಬಂಗಾರ, ಅದನ್ನು ಅಗೆಯುವವರು ಕಪ್ಪು ಸೂರ್ಯರು. ಮೊದಲನೆಯ ಮಾತು ಹಲವು ನಾಡುಗಳಲ್ಲಿದೆ. ಎರಡನೆಯದರಲ್ಲಿ ಬೆಳಕಿನ ಮೂಲ ಇದ್ದಲಿನಿಂದ ಅದನ್ನು ಅಗೆಯುವವರಿಗೆ ಸರಿದಿದೆ.

ಆ ಮಾತಿನ ಅರ್ಥ 2011ರಲ್ಲಿ ಸ್ಪಷ್ಟವಾಯಿತು. ಪ್ರತ್ಯೇಕ ತೆಲಂಗಾಣಕ್ಕಾಗಿ ನಡೆದ ಸಕಲ ಜನುಲ ಸಮ್ಮೆಯಲ್ಲಿ ಗಣಿ ಕಾರ್ಮಿಕರು ಸೆಪ್ಟೆಂಬರ್ 13ರಿಂದ ತಿಂಗಳಿಗೂ ಮಿಕ್ಕಿ ಕೆಲಸ ನಿಲ್ಲಿಸಿದಾಗ, ಸಿಂಗರೇಣಿಯ ಇದ್ದಲನ್ನು ನೆಚ್ಚಿದ್ದ ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿಯೂ ಉತ್ಪಾದನೆ ಕುಸಿಯಿತು. ಕರ್ನಾಟಕದ ಊರುಗಳಲ್ಲಿ ದೀಪಗಳು ಆರಿದವು.