ಟರ್ಮಿನಲ್ ಗುಣಲಕ್ಷಣಗಳು ಮತ್ತು ಕನ್ನಡ ಅಕ್ಷರ: ‘ಬನಶಂಕರಿ’ ಎಂದು ಟೈಪಿಸಿದಾಗ

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕೀಲಿಮಣೆಯಿಂದ ಹೊರಟ ಬೈಟುಗಳು ನೇರವಾಗಿ ಪ್ರೋಗ್ರಾಮಿಗೆ ಹೋಗುವುದಿಲ್ಲ. ಕರ್ನಲ್ಲಿನ ಲೈನ್ ಡಿಸಿಪ್ಲಿನ್ ಎಂಬ ಪದರ ಅವನ್ನು ನಡುವೆ ಹಿಡಿದಿಟ್ಟು, ಪರದೆಯಲ್ಲಿ ತೋರಿಸಿ, ಬ್ಯಾಕ್‌ಸ್ಪೇಸ್ ಬಂದರೆ ಅಳಿಸಿ, ಎಂಟರ್ ಒತ್ತಿದ ಮೇಲೆ ಇಡೀ ಸಾಲನ್ನು ಒಪ್ಪಿಸುತ್ತದೆ. ಇದರ ನಡವಳಿಕೆಯನ್ನು ನಿರ್ಧರಿಸುವುದು 1988ರ ಪೋಸಿಕ್ಸ್ ಮಾನಕದಲ್ಲಿ ನೆಲೆಗೊಂಡ ಟರ್ಮಿಯೋಸ್ ಎಂಬ ರಚನೆ. ಸಿ ಲೈಬ್ರರಿಯ ಟಿಸಿಗೆಟ್ಆಟ್ರ್ ಅದನ್ನು ಓದುತ್ತದೆ, ಟಿಸಿಸೆಟ್ಆಟ್ರ್ ಬರೆಯುತ್ತದೆ. ದಕ್ಷಿಣ ಬೆಂಗಳೂರಿನ ಬಿಟಿಎಂ ಲೇಔಟ್, ಜಯನಗರಗಳಲ್ಲಿ ಎಂಬೆಡೆಡ್ ಕೆಲಸ ಕಲಿಯುವವರು ಸೀರಿಯಲ್ ಪೋರ್ಟಿಗೆ ಕೈಯಿಟ್ಟ ದಿನವೇ ಈ ಎರಡು ಫಂಕ್ಷನ್‌ಗಳನ್ನು ಎದುರಿಸುತ್ತಾರೆ. ಪ್ರಯೋಗಕ್ಕೆ ಟೈಪಿಸುವುದು ಮಾತ್ರ ಸಾಮಾನ್ಯವಾಗಿ ಇಂಗ್ಲಿಷ್. ಅದೇ ಭಾಗದ ಬಡಾವಣೆಗಳ ಹೆಸರನ್ನು ಕನ್ನಡದಲ್ಲಿ ಟೈಪಿಸಿ ನೋಡಿದರೆ ಈ ರಚನೆಯೊಳಗಿನ ಹಳೆಯ ಊಹೆಗಳೆಲ್ಲ ಹೊರಬೀಳುತ್ತವೆ.

ಮೊದಲು ಐಸ್ಟ್ರಿಪ್ ಎಂಬ ಬಿಟ್. 7 ಬಿಟ್ ದತ್ತಾಂಶದ ಜೊತೆ ಪ್ಯಾರಿಟಿ ಸೇರಿಸಿ ಕಳಿಸುತ್ತಿದ್ದ ಸೀರಿಯಲ್ ತಂತಿಗಳ ಕಾಲದ್ದು ಇದು. ಪ್ರತಿ ಬೈಟಿನ ಎಂಟನೆಯ ಬಿಟ್ಟನ್ನು ಕಿತ್ತುಹಾಕುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಮೂರರಲ್ಲೂ ಎಂಟನೆಯ ಬಿಟ್ 1. ‘ಕ’ ಎಂದರೆ 224, 178, 149. ಒಂದೊಂದರಿಂದಲೂ 128 ಕಳೆದರೆ 96, 50, 21 ಉಳಿಯುತ್ತವೆ. ಈ 21 ಕಂಟ್ರೋಲ್-ಯು, ಅಂದರೆ ಸಾಲನ್ನೇ ಅಳಿಸುವ ಆಜ್ಞೆ. ಹೀಗಾಗಿ ಐಸ್ಟ್ರಿಪ್ ಇರುವಾಗ ‘ಬನಶಂಕರಿ’ ಎಂದು ಟೈಪಿಸಿದರೆ ‘ಕ’ ಬಂದೊಡನೆ ಅಲ್ಲಿಯವರೆಗಿನದೆಲ್ಲ ಅಳಿದು, ಪ್ರೋಗ್ರಾಮಿಗೆ ಸಿಗುವುದು `20`2? ಎಂಬ ಆರು ಚಿಹ್ನೆ ಮಾತ್ರ. ‘ಜಯನಗರ’ದ ಪಾಡು ಇನ್ನೂ ಕೆಟ್ಟದ್ದು. ‘ಜ’ದ ಕೊನೆಯ ಬೈಟು 156, ಅದು 28 ಆಗುತ್ತದೆ, 28 ಎಂದರೆ ಸಿಗ್‌ಕ್ವಿಟ್ ಸಂಕೇತ. ಮೊದಲ ಅಕ್ಷರಕ್ಕೇ ಪ್ರೋಗ್ರಾಮ್ ಸಾಯುತ್ತದೆ. ಜೆ.ಪಿ. ನಗರದವರಿಗೂ ಅದೇ ಗತಿ. ಇಂದಿನ ಲಿನಕ್ಸಿನಲ್ಲಿ ಐಸ್ಟ್ರಿಪ್ ತಾನಾಗಿ ಚಾಲೂ ಇರುವುದಿಲ್ಲ, ನಿಜ. ಆದರೆ 7 ಬಿಟ್ ಪ್ಯಾರಿಟಿಯ ಉಪಕರಣಕ್ಕೆಂದು ಬರೆದ ಹಳೆಯ ಕೋಡನ್ನು ಹಾಗೇ ನಕಲು ಮಾಡಿದಲ್ಲಿ ಅದು ಹಿಂಬಾಗಿಲಿನಿಂದ ಬಂದು ಕೂರುತ್ತದೆ.

ಎರಡನೆಯದು ಸೂಕ್ಷ್ಮ, ಹಾಗಾಗಿ ಹೆಚ್ಚು ಅಪಾಯದ್ದು. ‘ಬನಶಂಕರಿ’ ಓದುವವರಿಗೆ ಐದು ಅಕ್ಷರ, ಯೂನಿಕೋಡಿಗೆ ಏಳು ಸಂಕೇತ, ಕರ್ನಲ್ಲಿಗೆ 21 ಬೈಟು. ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಯಬೇಕಾದ್ದು ಯಾವುದು? ಮೊದಲು ಒಂದು ಬೈಟು ಅಳಿಯುತ್ತಿತ್ತು, ಮುರಿದ ಎರಡು ಬೈಟು ಸಾಲಿನಲ್ಲಿ ಉಳಿಯುತ್ತಿದ್ದವು. ಲಿನಕ್ಸ್ 2.6.4ರಲ್ಲಿ ಐಯುಟಿಎಫ್8 ಎಂಬ ಬಿಟ್ ಬಂದು, ಅದು ಚಾಲೂ ಇದ್ದರೆ ಒಂದು ಪೂರ್ಣ ಸಂಕೇತ ಅಳಿಯುವಂತಾಯಿತು. ‘ರಿ’ಯ ಗುಡಿಸು ಹೋಗಿ ‘ರ’ ಉಳಿಯಬೇಕು. ಬಫರಿನಲ್ಲಿ ಆಗುವುದೂ ಅದೇ. ಪರದೆಯ ಕಥೆ ಬೇರೆ. ಲಿನಕ್ಸ್ 5 ಸರಣಿಯ ಕರ್ನಲ್ ಅಳಿಸಿದ ಸಂಕೇತಕ್ಕೆ ಒಂದು ಕಾಲಮ್ ಹಿಂದೆ ಸರಿದು ಖಾಲಿ ಜಾಗ ಬರೆಯುತ್ತದೆ. ಗುಡಿಸಿಗೆ ಸ್ವಂತ ಕಾಲಮ್ ಎಲ್ಲಿದೆ? ಅದಕ್ಕೆ ಶೂನ್ಯ ಅಗಲ ಕೊಡುವ ಟರ್ಮಿನಲ್‌ನಲ್ಲಿ ‘ರ’ ಕೂಡ ಮಾಯವಾಗಿ ಕಣ್ಣಿಗೆ ‘ಬನಶಂಕ’ ಕಾಣುತ್ತದೆ. ಪ್ರೋಗ್ರಾಮಿಗೆ ತಲುಪುವುದು ‘ಬನಶಂಕರ’. ಒತ್ತಕ್ಷರವಿರುವ ‘ರಾಗಿಗುಡ್ಡ’ದಲ್ಲಿ ನಾಲ್ಕು ಅಕ್ಷರಕ್ಕೆ ಒಂಬತ್ತು ಸಂಕೇತ ಇರುವುದರಿಂದ ಈ ಅಂತರ ಇನ್ನೂ ಹಿಗ್ಗುತ್ತದೆ.

ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಇಡೀ ‘ಡ್ಡ’ ಹೋಗಬೇಕೇ, ಒತ್ತು ಮಾತ್ರವೇ ಎಂಬುದು ರುಚಿಯ ಪ್ರಶ್ನೆ, ಎರಡಕ್ಕೂ ಸಮರ್ಥನೆಯಿದೆ. ಆದರೆ ಕಂಡದ್ದೊಂದು, ಸೇರಿದ್ದೊಂದು ಆಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಐಯುಟಿಎಫ್8 ಪೋಸಿಕ್ಸ್ ಮಾನಕದಲ್ಲಿಲ್ಲ. ಈ ಗೈರುಹಾಜರಿಯ ಪರಿಣಾಮ ಮೇಲಿನ ಪದರಗಳಲ್ಲೆಲ್ಲ ಕಾಣುತ್ತದೆ. ಮಾನಕಕ್ಕೆ ಕಟ್ಟುಬಿದ್ದ ಲೈಬ್ರರಿಗಳಲ್ಲಿ, ಉದಾಹರಣೆಗೆ ಹ್ಯಾಸ್ಕೆಲ್‌ನ ಯೂನಿಕ್ಸ್ ಪ್ಯಾಕೇಜಿನ ಟರ್ಮಿನಲ್ ಮೋಡ್‌ಗಳ ಪಟ್ಟಿಯಲ್ಲಿ, ಅದಕ್ಕೆ ಹೆಸರೇ ಇಲ್ಲ. ರಸ್ಟ್‌ನ ನಿಕ್ಸ್ ಲೈಬ್ರರಿ ಲಿನಕ್ಸಿನಲ್ಲಿ ಅದನ್ನು ಒದಗಿಸುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಈ ಬಿಟ್ಟನ್ನು ದಾಟಿಸಲು 42ನೆಯ ಸಂಖ್ಯೆ ನಿಗದಿಯಾದದ್ದು 2017ರ ಏಪ್ರಿಲ್‌ನ ಆರ್‌ಎಫ್‌ಸಿ 8160ರಲ್ಲಿ. ಕೆಟ್ಟ ಟರ್ಮಿನಲ್ಲನ್ನು ಸರಿಮಾಡಲು ಎಲ್ಲರೂ ಬಳಸುವ ‘ಎಸ್‌ಟಿಟಿವೈ ಸೇನ್’ ಆಜ್ಞೆ, ಗ್ನೂ ಆವೃತ್ತಿಯಲ್ಲಿ, ಐಯುಟಿಎಫ್8 ಅನ್ನು ಆಫ್ ಮಾಡಿಯೇ ಹೋಗುತ್ತದೆ!

ಟಿಸಿಸೆಟ್ಆಟ್ರ್ ಕುರಿತು ಇನ್ನೊಂದು ಮಾತು. ಕೇಳಿದ ಬದಲಾವಣೆಗಳಲ್ಲಿ ಒಂದಾದರೂ ಜಾರಿಯಾದರೆ ಅದು ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಆದ್ದರಿಂದ ಬರೆದ ಮೇಲೆ ಮತ್ತೆ ಟಿಸಿಗೆಟ್ಆಟ್ರ್ ಕರೆದು ಹೋಲಿಸದೆ ಕೆಲಸ ಆಯಿತೆಂದು ನಂಬುವಂತಿಲ್ಲ.

ನನ್ನ ತೀರ್ಮಾನ ಇಷ್ಟು: ಕನ್ನಡದಲ್ಲಿ ಉತ್ತರ ಬಯಸುವ ಪ್ರೋಗ್ರಾಮ್ ಸಾಲು ತಿದ್ದುವ ಕೆಲಸವನ್ನು ಕರ್ನಲ್ಲಿಗೆ ಬಿಡಬಾರದು. ಮೊದಲಿನ ಗುಣಲಕ್ಷಣಗಳನ್ನು ತೆಗೆದಿಟ್ಟು, ಸಾಲು ಕೂಡಿಸುವ ಐಕ್ಯಾನನ್, ಪರದೆಗೆ ತೋರಿಸುವ ಎಕೋ ಮತ್ತು ಐಸ್ಟ್ರಿಪ್ ಬಿಟ್‌ಗಳನ್ನು ಆಫ್ ಮಾಡಿ, ಅಕ್ಷರದ ಎಲ್ಲೆಯನ್ನು ತಾನೇ ಲೆಕ್ಕಹಾಕಿ, ಹೊರಡುವಾಗ ಎಲ್ಲವನ್ನೂ ಮೊದಲಿನಂತೆ ಇಟ್ಟು ಹೋಗಬೇಕು. ದಕ್ಷಿಣ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ: ಟರ್ಮಿಯೋಸ್ ಪ್ರಯೋಗದ ಪರೀಕ್ಷಾ ಇನ್‌ಪುಟ್‌ಗಳಲ್ಲಿ ‘ಬನಶಂಕರಿ’, ‘ರಾಗಿಗುಡ್ಡ’ ಎರಡನ್ನೂ ಸೇರಿಸಿ.