ತಲೆ ತೊಳೆಯುವ ಪದಾರ್ಥಗಳೂ ಕೇಶಚಿಕಿತ್ಸೆಯೂ: ಒಂದು ಐತಿಹಾಸಿಕ ವಿವೇಚನೆ

ತಲೆಗೂದಲು ತೊಳೆಯುವ ದ್ರವದ ಸೀಸೆಗಳ ಮೇಲೆ ‘ಪ್ರಾಚೀನ ಗ್ರಂಥೋಕ್ತ’ ಎಂಬ ಮಾತನ್ನೂ, ಅದರ ಕೆಳಗೆಯೇ ‘ಕೂದಲುದುರುವಿಕೆಗೆ ಪರಿಹಾರ’ ಎಂಬ ಮಾತನ್ನೂ ಇಂದು ನಾವು ಸಾಮಾನ್ಯವಾಗಿ ಕಾಣುತ್ತೇವೆ. ಇವೆರಡೂ ಒಟ್ಟಿಗೆ ಬಂದಾಗ ಓದುವವನ ಮನಸ್ಸಿನಲ್ಲಿ ಮೂರನೆಯದೊಂದು ಅರ್ಥ ತಾನಾಗಿಯೇ ಮೂಡುತ್ತದೆ. ನಮ್ಮ ಪೂರ್ವಿಕರು ತಲೆಯನ್ನು ತೊಳೆಯುವುದರಿಂದಲೇ ಕೂದಲುದುರುವುದನ್ನು ತಡೆಯುತ್ತಿದ್ದರು ಎಂಬುದೇ ಆ ಅರ್ಥ. ಇದು ವೈದ್ಯಕ್ಕೆ ಸಂಬಂಧಿಸಿದ ಹೇಳಿಕೆಯಾಗಿರುವಂತೆಯೇ ಇತಿಹಾಸಕ್ಕೆ ಸಂಬಂಧಿಸಿದ ಹೇಳಿಕೆಯೂ ಹೌದು. ಆದುದರಿಂದ ಅದನ್ನು ಪರೀಕ್ಷಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವಾಗುತ್ತದೆ. ತೊಳೆಯುವುದು, ಚಿಕಿತ್ಸೆ ಮಾಡುವುದು ಎಂಬ ಎರಡು ಕಾರ್ಯಗಳು ಎಲ್ಲಿ ಬೇರೆಯಾಗಿದ್ದುವು, ಯಾವಾಗ ಕೂಡಿದುವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಮೊದಲು ವೈದ್ಯಗ್ರಂಥಗಳನ್ನೇ ನೋಡೋಣ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವಾಗ ತಲೆಗೆ ಸಂಬಂಧಿಸಿದ ಎರಡು ವ್ಯಾಧಿಗಳನ್ನು ಪ್ರತ್ಯೇಕವಾಗಿ ವರ್ಣಿಸಿದೆ. ಒಂದು ಇಂದ್ರಲುಪ್ತ, ಖಾಲಿತ್ಯವೆಂದೂ ಇದಕ್ಕೆ ಹೆಸರುಂಟು. ವಾತದೊಡನೆ ಕೂಡಿದ ಪಿತ್ತವು ರೋಮಕೂಪಗಳನ್ನು ಸೇರಿ ಕೂದಲನ್ನು ಉದುರಿಸುತ್ತದೆ. ಬಳಿಕ ರಕ್ತಸಹಿತವಾದ ಕಫವು ಆ ಕೂಪಗಳನ್ನು ಮುಚ್ಚುವುದರಿಂದ ಹೊಸ ಕೂದಲು ಹುಟ್ಟುವುದಿಲ್ಲ. ಇದು ಗ್ರಂಥಕಾರನ ವಿವರಣೆ. ಇನ್ನೊಂದು ದಾರುಣಕ, ಇದರಲ್ಲಿ ನೆತ್ತಿಯ ಚರ್ಮವು ಗಡುಸಾಗಿ, ತುರಿಕೆಯಿಂದ ಕೂಡಿ, ಒಣಗಿ ಬಿರಿಯುತ್ತದೆ. ನಾವು ತಲೆಹೊಟ್ಟು ಎಂದು ಕರೆಯುವುದಕ್ಕೆ ಇದು ಬಹಳ ಸಮೀಪದ್ದು.

ಚಿಕಿತ್ಸಾಸ್ಥಾನದಲ್ಲಿ ಈ ಎರಡಕ್ಕೂ ಹೇಳಿರುವ ಉಪಚಾರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಮುಖ್ಯವಾದೊಂದು ಸಂಗತಿ ಗೋಚರವಾಗುತ್ತದೆ. ಇಂದ್ರಲುಪ್ತಕ್ಕೆ ರಕ್ತ ತೆಗೆಯುವುದು. ಮೆಣಸು, ಮಣಿಶಿಲೆ, ಅನ್ನಭೇದಿ, ಮೈಲುತುತ್ತ ಇವುಗಳ ಲೇಪ. ಚರ್ಮವನ್ನು ಗೀರಿ ಗುಲಗಂಜಿಯ ಕಲ್ಕವನ್ನು ಮೇಲಿಂದ ಮೇಲೆ ಹಚ್ಚುವುದು. ಜಾಜಿ, ಕಣಗಿಲೆ, ಚಿತ್ರಮೂಲ, ಹೊಂಗೆ ಇವುಗಳನ್ನು ಹಾಕಿ ಕಾಯಿಸಿದ ಎಣ್ಣೆ. ಇಷ್ಟನ್ನೂ ಹೇಳಿದ ಗ್ರಂಥವು ಇಲ್ಲಿ ತೊಳೆಯುವ ಮಾತನ್ನೇ ಎತ್ತುವುದಿಲ್ಲ. ದಾರುಣಕಕ್ಕಾದರೋ ರಕ್ತಮೋಕ್ಷ, ನಸ್ಯ, ಶಿರೋಬಸ್ತಿ, ಅಭ್ಯಂಗಗಳನ್ನು ಹೇಳಿದ ಮೇಲೆ, ತೊಳೆಯುವುದಕ್ಕೆ ಹಾರಕದ ಹುಲ್ಲಿನ ಬೂದಿಯಿಂದ ಮಾಡಿದ ಕ್ಷಾರಜಲವು ಪ್ರಶಸ್ತವೆಂದು ಸ್ಪಷ್ಟವಾಗಿ ವಿಧಿಸಿದೆ. ಹೊಟ್ಟಿಗೆ ಔಷಧೀಯವಾದ ತೊಳೆನೀರುಂಟು, ಕೂದಲುದುರುವಿಕೆಗೆ ಇಲ್ಲ. ಸಂಹಿತೆಯಲ್ಲಿ ಹೇಳಿದ ಲೇಪಗಳು ಇಂದಿನ ಪರೀಕ್ಷೆಯಲ್ಲಿ ನಿಲ್ಲುವುವೇ ಎಂಬುದು ಬೇರೆಯ ವಿಷಯ. ಗುಲಗಂಜಿ, ಕಣಗಿಲೆಗಳು ವಿಷವಸ್ತುಗಳಾದುದರಿಂದ ಮನೆಯಲ್ಲಿ ಪ್ರಯೋಗಿಸತಕ್ಕವೂ ಅಲ್ಲ. ಆದರೆ ವೈದ್ಯನು ಎರಡು ವ್ಯಾಧಿಗಳ ನಡುವೆ ಎಳೆದ ಗೆರೆಯು ಗಮನಾರ್ಹವಾದುದು.

ಇನ್ನು ಮನೆಯ ಬಚ್ಚಲಿಗೆ ಬರೋಣ. ಕನ್ನಡನಾಡಿನಲ್ಲಿ ಸೀಗೆಪುಡಿ, ಅಂಟುವಾಳ, ದಾಸವಾಳದ ಎಲೆಯ ಲೋಳೆ, ಕಡಲೆಹಿಟ್ಟು, ನೆನೆಸಿ ಅರೆದ ಮೆಂತ್ಯ ಇವು ತಲೆ ತೊಳೆಯುವ ಪದಾರ್ಥಗಳಾಗಿ ಬಹುಕಾಲದಿಂದ ಬಳಕೆಯಲ್ಲಿವೆ. ನರಕಚತುರ್ದಶಿಯ ಮುಂಜಾನೆ ಹಂಡೆಯಲ್ಲಿ ನೀರು ಕಾಯಿಸಿ, ಎಣ್ಣೆ ಒತ್ತಿ, ಸೀಗೆಪುಡಿ ಹಾಕಿ ಎರೆಯುವ ಅಭ್ಯಂಜನವನ್ನು ಬಲ್ಲವರಿಗೆ ಇವುಗಳ ಕೆಲಸವೇನೆಂದು ಹೇಳಬೇಕಾಗಿಲ್ಲ. ಎಣ್ಣೆಯ ಜಿಡ್ಡನ್ನು ತೆಗೆಯುವುದೇ ಇವುಗಳ ಕೆಲಸ. ಸೀಗೆಕಾಯಿಯ ಸಿಪ್ಪೆಯಲ್ಲಿಯೂ ಅಂಟುವಾಳದ ತಿರುಳಿನಲ್ಲಿಯೂ ಸಪೋನಿನ್ ಎಂಬ ದ್ರವ್ಯವಿದೆ. ಇದರ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಎಣ್ಣೆಗೂ ಅಂಟುವುದರಿಂದ ಜಿಡ್ಡು ನೀರಿನೊಡನೆ ಬೆರೆತು ಹೋಗುತ್ತದೆ. ಗಡಸು ನೀರಿನಲ್ಲಿ ಸಾಬೂನು ಸುಣ್ಣದ ಅಂಶದೊಡನೆ ಕೂಡಿ ಒಡೆದು, ಕೂದಲಿಗೆ ಬಿಳಿಯ ಅಂಟನ್ನು ಬಿಡುತ್ತದೆ; ಸಪೋನಿನ್ ಹಾಗೆ ಒಡೆಯುವುದಿಲ್ಲ. ಬಾವಿಯ ಗಡಸು ನೀರನ್ನು ಬಳಸುವ ಬಯಲುಸೀಮೆಯಲ್ಲಿ, ಮೈಗೆ ಸಾಬೂನು ಬಂದ ಮೇಲೂ ತಲೆಗೆ ಸೀಗೆಪುಡಿಯೇ ಉಳಿದುಕೊಂಡುದಕ್ಕೆ ಇದೂ ಒಂದು ಕಾರಣವೆಂದು ನಾವು ಊಹಿಸಬಹುದು. ಅಂದಮೇಲೆ ಸೀಗೆಪುಡಿಯ ಗುಣವು ಶುಚಿಗೆ ಸಂಬಂಧಿಸಿದ್ದೇ ಹೊರತು ಕೂದಲಿನ ಹುಟ್ಟಿಗೆ ಸಂಬಂಧಿಸಿದ್ದಲ್ಲ.

ಅಭ್ಯಂಜನದಲ್ಲಿ ಎಣ್ಣೆ ಒತ್ತುವುದಕ್ಕೆ ತೊಳೆಯುವುದರಷ್ಟೇ ಪ್ರಾಮುಖ್ಯವಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನವನ್ನು ರಾಜನ ಭೋಗಗಳಲ್ಲಿ ಒಂದಾಗಿ ಎಣಿಸಿ ‘ಸ್ನಾನಭೋಗ’ವೆಂಬ ಪ್ರಕರಣವನ್ನೇ ಮೀಸಲಿರಿಸಿದೆ. ವಿಚಿತ್ರವೆಂದರೆ, ಇಂದು ತಲೆ ತೊಳೆಯುವ ದ್ರವಕ್ಕೆ ಲೋಕದಲ್ಲೆಲ್ಲ ಬಳಸುವ ‘ಶಾಂಪೂ’ ಎಂಬ ಹೆಸರು ಹುಟ್ಟಿದ್ದು ತೊಳೆಯುವುದರಿಂದಲ್ಲ, ಈ ಒತ್ತುವ ಕ್ರಿಯೆಯಿಂದ. ಒತ್ತು, ನಾದು ಎಂಬ ಅರ್ಥದ ಹಿಂದಿಯ ‘ಚಾಂಪ್ನಾ’ ಧಾತುವಿನ ವಿಧ್ಯರ್ಥ ರೂಪವಾದ ‘ಚಾಂಪೋ’ ಎಂಬುದೇ 18ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಹೋಯಿತು. ಆಂಗ್ಲೋ-ಇಂಡಿಯನ್ ಶಬ್ದಗಳ ಕೋಶವಾದ ಹಾಬ್ಸನ್-ಜಾಬ್ಸನ್‌ನಲ್ಲಿ (1886) ಕೂಡ ದಣಿವಾರಿಸಲು ಮೈಯೊತ್ತುವುದೆಂದೇ ಇದರ ಅರ್ಥವನ್ನು ಕೊಟ್ಟಿದೆ.

ಈ ಶಬ್ದವನ್ನು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದವರಲ್ಲಿ ಸೇಕ್ ದೀನ್ ಮಹಮದ್ ಅಗ್ರಗಣ್ಯನು. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಈತನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಬೆಳೆದು, 1784ರಲ್ಲಿ ಐರ್ಲೆಂಡಿನ ಕಾರ್ಕ್ ನಗರವನ್ನು ಸೇರಿದನು. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಮನೆಯೊಂದನ್ನು ತೆರೆದು ಕೈ ಸುಟ್ಟುಕೊಂಡ ಮೇಲೆ, ಬ್ರೈಟನ್ ಎಂಬ ಕಡಲತೀರದ ಪಟ್ಟಣಕ್ಕೆ ಹೋಗಿ ಸ್ನಾನಗೃಹವನ್ನು ನಡೆಸಿದನು. ಅಲ್ಲಿ ರೋಗಿಯನ್ನು ಗಿಡಮೂಲಿಕೆಗಳ ಹಬೆ ತುಂಬಿದ ಬಟ್ಟೆಯ ಗುಡಾರದಲ್ಲಿ ಕೂರಿಸಿ, ಹೊರಗಿನಿಂದ ಕೈತೂರಿಸಿ ಮೈಯನ್ನು ಒತ್ತುತ್ತಿದ್ದರು. ಇದಕ್ಕೇ ‘ಶಾಂಪೂಯಿಂಗ್’ ಎಂದು ಹೆಸರು. 1822ರಲ್ಲಿ ಇದರ ಪ್ರಯೋಜನಗಳನ್ನು ಕುರಿತು ಆತನೊಂದು ಗ್ರಂಥವನ್ನು ಪ್ರಕಟಿಸಿದನು; ದೊರೆಗಳಾದ ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ಇವರಿಗೆ ‘ಶಾಂಪೂಯಿಂಗ್ ಸರ್ಜನ್’ ಎಂಬ ಪದವಿಯಲ್ಲಿದ್ದನು. ಗುಣ ಹೊಂದಿದವರ ಸಾಕ್ಷ್ಯಗಳನ್ನು ಆತನು ಅಚ್ಚು ಹಾಕಿಸಿದ್ದುಂಟು. ಸಂಧಿವಾತ, ಕೀಲುನೋವುಗಳೇ ಆತನ ಮುಖ್ಯ ಕ್ಷೇತ್ರ. 1851ರಲ್ಲಿ ಆತನು ಕಾಲವಾದ ಕೆಲವೇ ವರ್ಷಗಳಲ್ಲಿ, ಎಂದರೆ ಸುಮಾರು 1860ರ ವೇಳೆಗೆ, ಆ ಶಬ್ದವು ಕ್ಷೌರಿಕರ ಅಂಗಡಿಗಳಲ್ಲಿ ನೆತ್ತಿಯನ್ನು ಉಜ್ಜಿ ತೊಳೆಯುವ ಕ್ರಿಯೆಗೂ ಸಲ್ಲತೊಡಗಿತು. ಚಿಕಿತ್ಸೆಯೊಂದರ ಹೆಸರು ಹೀಗೆ ಮಾರ್ಜನಕ್ಕೆ ಅಂಟಿಕೊಂಡಿತು.

ಆಗಿನ ಯುರೋಪಿನ ಮನೆಗಳಲ್ಲಿ ಸಾಬೂನನ್ನು ತುರಿದು ನೀರಿನಲ್ಲಿ ಕುದಿಸಿ, ಪರಿಮಳ ಸೇರಿಸಿ ತಲೆಗೆ ಬಳಸುತ್ತಿದ್ದರು. ಬರ್ಲಿನ್ನಿನ ಹಾನ್ಸ್ ಶ್ವಾರ್ಜ್‌ಕೋಫ್ 1903ರಲ್ಲಿ ನೀರಿನಲ್ಲಿ ಕರಗುವ ಪುಡಿಯನ್ನು ಮಾರಾಟಕ್ಕೆ ತಂದನು. 1934ರಲ್ಲಿ ಅಮೆರಿಕದಲ್ಲಿ ‘ಡ್ರೀನ್’ ಎಂಬ ಹೆಸರಿನಲ್ಲಿ ಸಾಬೂನಿಲ್ಲದ, ಕೃತಕ ಮಾರ್ಜಕದಿಂದ ಮಾಡಿದ ಶಾಂಪೂ ಹೊರಬಂದಿತು. ಗಡಸು ನೀರಿನಲ್ಲಿಯೂ ಕೂದಲಿಗೆ ಅಂಟು ಬಿಡದಿರುವುದು ಅದರ ಹೆಗ್ಗಳಿಕೆ. ಸೀಗೆಪುಡಿಯು ನಮ್ಮ ಬಚ್ಚಲಲ್ಲಿ ಮಾಡುತ್ತಿದ್ದ ಕೆಲಸವನ್ನೇ ರಸಾಯನಶಾಸ್ತ್ರವು ಬೇರೊಂದು ದಾರಿಯಿಂದ ಸಾಧಿಸಿತು.

ಔಷಧಯುಕ್ತ ಶಾಂಪೂವಿನ ನಿಜವಾದ ಚರಿತ್ರೆಯು ತಲೆಹೊಟ್ಟಿನ ಚರಿತ್ರೆಯೇ ಆಗಿದೆ. 1874ರಲ್ಲಿ ಫ್ರಾನ್ಸಿನ ಲೂಯಿ ಮಲಾಸೆ ಎಂಬಾತನು ಹೊಟ್ಟಿನ ಪದರಗಳಲ್ಲಿ ಸೂಕ್ಷ್ಮವಾದ ಶಿಲೀಂಧ್ರಕಣಗಳನ್ನು ವರ್ಣಿಸಿದನು. ಮಲಾಸೀಜಿಯಾ ಎಂಬ ಕುಲನಾಮವು ಆತನ ಹೆಸರಿನಿಂದಲೇ ಬಂದಿದೆ. ಇದು ಬಹುಮಟ್ಟಿಗೆ ಎಲ್ಲರ ನೆತ್ತಿಯಲ್ಲಿಯೂ ಇದ್ದು, ಅಲ್ಲಿನ ಜಿಡ್ಡನ್ನು ಆಹಾರವಾಗಿ ಬಳಸುತ್ತದೆ. ಕೆಲವರಲ್ಲಿ ಮಾತ್ರ ಇದರಿಂದ ತುರಿಕೆಯೂ ಹೊಟ್ಟೂ ಉಂಟಾಗುತ್ತವೆ. ಟಾರು ಮತ್ತು ಸ್ಯಾಲಿಸಿಲಿಕ್ ಆಮ್ಲಗಳ ಜೊತೆಗೆ 1950ರ ದಶಕದ ಆರಂಭದಲ್ಲಿ ಸೆಲೆನಿಯಂ ಸಲ್ಫೈಡ್, 1961ರಲ್ಲಿ ಜಿಂಕ್ ಪೈರಿಥಿಯೋನ್, ಅನಂತರ ಕೀಟೋಕೋನಜೋಲ್ ಇವು ತಲೆ ತೊಳೆಯುವ ದ್ರವಗಳಲ್ಲಿ ಸೇರಿದುವು. ಇವುಗಳನ್ನು ನೆತ್ತಿಯ ಮೇಲೆ ಕೆಲವು ನಿಮಿಷ ಬಿಟ್ಟು ತೊಳೆದರೆ ಗುಣ ಕಾಣುತ್ತದೆ. ಏಕೆಂದರೆ ವ್ಯಾಧಿಯು ಚರ್ಮದ ಮೇಲ್ಪದರದಲ್ಲಿದೆ, ಔಷಧವು ಅಲ್ಲಿಗೆ ತಲಪುತ್ತದೆ. ಔಷಧವೆಂದ ಮೇಲೆ ನಿಯಂತ್ರಣವೂ ಇರಬೇಕಾದುದೇ. ಯುರೋಪಿನ ಒಕ್ಕೂಟವು 2022ರಿಂದ ಪ್ರಸಾಧನಗಳಲ್ಲಿ ಜಿಂಕ್ ಪೈರಿಥಿಯೋನನ್ನು ನಿಷೇಧಿಸಿದೆ.

ಕೂದಲುದುರುವಿಕೆಯ ಚರಿತ್ರೆಯು ಬೇರೆಯಾದುದು. ಇಲ್ಲಿ ಔಷಧಕ್ಕಿಂತ ಮೊದಲು ಬಂದದ್ದು ಆಶ್ವಾಸನೆ. ಕಲ್ಕತ್ತೆಯ ಹೇಮೇಂದ್ರಮೋಹನ ಬೋಸರು ತಮ್ಮ ‘ಕುಂತಲೀನ್’ ಎಂಬ ತಲೆಯೆಣ್ಣೆಯ ಪ್ರಚಾರಕ್ಕಾಗಿ ಕಥಾಸ್ಪರ್ಧೆಯನ್ನು ಏರ್ಪಡಿಸಿದಾಗ, 1896ರಲ್ಲಿ ಬಹುಮಾನ ಪಡೆದವರು ವಿಜ್ಞಾನಿ ಜಗದೀಶಚಂದ್ರ ಬೋಸರು. ಸೀಸೆಯಷ್ಟು ತಲೆಯೆಣ್ಣೆಯನ್ನು ಕಡಲಿಗೆ ಸುರಿದು ಬಿರುಗಾಳಿಯನ್ನು ಅಡಗಿಸಿದ ವಿನೋದದ ಕಥೆ ಅದು. ಆದರೆ ನೆತ್ತಿಗೆ ಹಚ್ಚುವ ಔಷಧವಾಗಿ ಮಿನಾಕ್ಸಿಡಿಲ್ ಅಮೆರಿಕದಲ್ಲಿ ಅನುಮತಿ ಪಡೆದುದು 1988ರಲ್ಲಿ. ನುಂಗುವ ಔಷಧವಾದ ಫಿನಾಸ್ಟರೈಡ್ ಪುರುಷರ ಬೋಳುತನಕ್ಕಾಗಿ ಅನುಮತಿ ಪಡೆದುದು 1997ರಲ್ಲಿ. ಇವೆರಡೂ ತೊಳೆದು ಹಾಕುವ ಪದಾರ್ಥಗಳಲ್ಲವೆಂಬುದನ್ನು ಗಮನಿಸಬೇಕು. ನಮ್ಮ ದೇಶದಲ್ಲಿಯೂ, 1945ರ ಔಷಧ ನಿಯಮಾವಳಿಯ ‘ಜೆ’ ಅನುಸೂಚಿಯಲ್ಲಿ ಔಷಧವು ತಡೆಯುವುದಾಗಿ ಅಥವಾ ಗುಣಪಡಿಸುವುದಾಗಿ ಹೇಳಿಕೊಳ್ಳಬಾರದ ವ್ಯಾಧಿಗಳ ಸಾಲಿನಲ್ಲಿ ಬೋಳುತನವೂ ಸೇರಿದೆ.

ಹಾಗಾದರೆ ಜನರ ಅನುಭವವೆಲ್ಲ ಸುಳ್ಳೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅನುಭವ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪು. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲುಗಳು ಉದುರುವುದು ಸಹಜ. ಬುಡ ಬಿಟ್ಟು ತಲೆಯಲ್ಲಿಯೇ ನಿಂತಿದ್ದ ಕೂದಲು ಎರೆಯುವ ದಿನ ಒಟ್ಟಾಗಿ ಕೈಗೆ ಬರುತ್ತದೆ. ವಾರಕ್ಕೊಮ್ಮೆ ಎರೆಯುವವರಿಗೆ ಬಚ್ಚಲಲ್ಲಿ ಉಂಡೆಯೇ ಕಾಣುತ್ತದೆ. ಆದುದರಿಂದ ದೂರು ತೊಳೆಯುವ ಪದಾರ್ಥದ ಮೇಲೆ ಬರುತ್ತದೆ. ತೀವ್ರವಾದ ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ವಿಪರೀತವಾಗಿ ಉದುರಿ, ಕೆಲವು ತಿಂಗಳಲ್ಲಿ ತಾನಾಗಿಯೇ ನಿಲ್ಲುವುದುಂಟು. ಆಗ ಕೈಯಲ್ಲಿದ್ದ ಪುಡಿಗೋ ಸೀಸೆಗೋ ಕೀರ್ತಿ ಸಲ್ಲುತ್ತದೆ. ಒಂದರ ಅನಂತರ ನಡೆದುದು ಅದರಿಂದಲೇ ನಡೆಯಿತೆಂದು ತಿಳಿಯುವ ಈ ದೋಷವು ರಾಜ್ಯಗಳ ಏಳುಬೀಳನ್ನು ಬರೆಯುವಾಗ ನಮ್ಮನ್ನೂ ಕಾಡುವ ದೋಷವೇ ಆಗಿದೆ.

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಸೀಗೆಪುಡಿಯಂತಹ ಮನೆಯ ಪದಾರ್ಥಗಳು ಶುಚಿಗೆ ಯೋಗ್ಯವಾದುವು. ಹೊಟ್ಟಿಗೆ ಔಷಧೀಯ ತೊಳೆನೀರು ಎಂಬ ಕಲ್ಪನೆಯು ಪ್ರಾಚೀನವಾದುದು, ಇಂದು ಪ್ರಯೋಗದಿಂದಲೂ ಸಮರ್ಥಿತವಾದುದು. ತೊಳೆದು ಕೂದಲು ಬೆಳೆಸುವ ಕಲ್ಪನೆಗೆ ಸುಶ್ರುತಸಂಹಿತೆಯ ಬೆಂಬಲವೂ ಇಲ್ಲ, ಆಧುನಿಕ ವೈದ್ಯದ ಬೆಂಬಲವೂ ಇಲ್ಲ. ನಮ್ಮ ತರಗತಿಗಳಲ್ಲಿ ಕುಳಿತಿರುವ ಯುವಕ ಯುವತಿಯರಲ್ಲಿ ಕೂದಲುದುರುವ ಚಿಂತೆಯಿಂದ ಒಂದಾದ ಮೇಲೊಂದು ಸೀಸೆಯನ್ನು ಕೊಳ್ಳುವವರಿದ್ದಾರೆ. ತೇಪೆತೇಪೆಯಾಗಿ ಕೂದಲು ಹೋದಾಗ, ನೆತ್ತಿ ಕೆಂಪಾಗಿ ನೋಯುವಾಗ, ಉದುರುವಿಕೆ ತಿಂಗಳುಗಟ್ಟಲೆ ನಿಲ್ಲದಿದ್ದಾಗ ಅವರು ಹೋಗಬೇಕಾದುದು ಚರ್ಮವೈದ್ಯರ ಬಳಿಗೆ. ಸೀಸೆಯ ಮೇಲೆ ಪ್ರಾಚೀನ ಗ್ರಂಥವೊಂದರ ಹೆಸರಿದ್ದರೆ, ಆ ಗ್ರಂಥವನ್ನು ತೆಗೆದು ಅದರಲ್ಲಿ ಏನಿದೆಯೆಂದು ಓದುವ ಅಭ್ಯಾಸವನ್ನು ಅವರಿಗೆ ಕಲಿಸುವುದು ಅಧ್ಯಾಪಕರಾದ ನಮ್ಮ ಪಾಲಿನ ಕೆಲಸ.